ನನ್ನ ತೂಕ ಕೇಳಿದವಳು

ಸೊಸೆ ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚಿಕೊಂಡರೆ ಅತ್ತೆಗೆ ಅನುಮಾನ ಬರುವುದು ತಪ್ಪೇ? ಸವಣೂರಿಗೆ ಮದುವೆಯಾಗಿ ಬಂದ ಮೇಲೆ ನಾನಂತೂ ಒಮ್ಮೆಯೂ ಹಾಗೆ ಚಿಲಕ ಹಾಕಿಕೊಂಡವಳಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಾಗಿನಿಂದ ನಾನು ಪಡಸಾಲೆಯ ಮಂಚ ಹಿಡಿದಿದ್ದೇನೆ. ಏಳಿಸುವುದು, ಕೂರಿಸುವುದು, ಬಚ್ಚಲಿಗೆ ಒಯ್ಯುವುದು ಎಲ್ಲ ಸೊಸೆ ಶೈಲಶ್ರೀಯೇ. ಕಾಲು ಹೋದರೂ ನನ್ನ ಕಿವಿ ನೆಟ್ಟಗಿವೆ.

ಈಚೆಗೆ ಬಂಕಾಪುರದಿಂದ ಫರ್ಹತ ಎಂಬ ಹುಡುಗಿ ಬರತೊಡಗಿದ್ದಳು. ನನಗೊಂದು ನಮಸ್ಕಾರ ಹೇಳಿ ಸೀದಾ ಒಳಕೋಣೆ ಸೇರುತ್ತಿದ್ದಳು. ಯಾರವಳು ಎಂದು ಕೇಳಿದರೆ, ಪರಿಚಯದವಳು ಎಂದು ಶೈಲಶ್ರೀ ಮಾತು ಹಾರಿಸುತ್ತಿದ್ದಳು. ಕದದಾಚೆ ಬರೀ ಪಿಸುಮಾತು, ನರಳಾಟ. ಒಂದು ದಿನ ಆ ಹುಡುಗಿ ನನ್ನ ತೂಕ ಎಷ್ಟೆಂದು ವಿಚಾರಿಸಿದ್ದು ಸ್ಪಷ್ಟವಾಗಿ ಕೇಳಿಸಿತು. ತೂಕ ಕೇಳಲು ನಾನೇನು ಸಂತೆಯ ಕುರಿಯೇ? ಅದರ ಹಿಂದೆಯೇ ಶೈಲಶ್ರೀಯ ದನಿ:

“ಇನ್ನ ತಡಿಯಾಕ ಆಗವಲ್ದು. ಬಿಟ್ಟಬಿಡ್ತೇನಿ.”

ಹಂಸಭಾವಿಯ ಮಗಳ ಮನೆಗೆ ನನ್ನನ್ನು ಸಾಗಹಾಕುವ ಹುನ್ನಾರ, ಇನ್ನೇನು! ಅಳಿಯನ ಮನೆಯಲ್ಲಿ ಹಾಸಿಗೆ ಹಿಡಿದು ಅವನ ಅನ್ನ ತಿನ್ನುವುದಕ್ಕಿಂತ ಸಾವು ಮೇಲು. ಮಗ ಶರಣುವಿಗೆ ಹೇಳಿದರೆ, ಸುಮ್ಮನಿರವ್ವ ಎಂದುಬಿಟ್ಟ. ಅವನೂ ಇದರಲ್ಲಿ ಪಾಲುದಾರನೇ ಎಂದುಕೊಂಡೆ.

ಮರುಸಲ ಫರ್ಹತ ಒಳಗಿನಿಂದ ಬಂದಾಗ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡೆ.

“ನನ್ನ ಯಾವಾಗ ಸಾಗಸ್ತೀರಿ? ಖರೇ ಹೇಳವಾ.”

ಅವಳು ಕಣ್ಣು ಕಣ್ಣು ಬಿಟ್ಟಳು. ತಾನು ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವವಳು ಎಂದಳು. ನನ್ನನ್ನು ಎತ್ತಿ ಎತ್ತಿ ಶೈಲಶ್ರೀಯ ನಡು ಹಿಡಿದಿದೆಯಂತೆ. ನಡುವಿಗೆ ಹೊಟ್ಟೆಯ ಸ್ನಾಯುಗಳೇ ಆಧಾರ. ಅವು ಗಟ್ಟಿಯಾಗಲು ಬೋರಲಾಗಿ, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ತಡೆದು ಹಿಡಿಯಬೇಕಂತೆ, ಉಸಿರು ಕಟ್ಟದೆ. ತಡೆಯಲಾರೆ ಎಂದು ಸೊಸೆ ಹೇಳಿದ್ದು ಅದನ್ನು. ತೂಕ ಕೇಳಿದ್ದು ಅವಳು ಎತ್ತುವ ಭಾರ ತಿಳಿಯಲು.

ಅಷ್ಟರಲ್ಲಿ ಶೈಲಶ್ರೀ ಬೆವರೊರೆಸಿಕೊಳ್ಳುತ್ತ ಬಂದು ನಿಂತಳು. ನನಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು. ಇದರಲ್ಲಿ ಮುಚ್ಚಿಡುವಂಥದ್ದೇನಿತ್ತು ಎಂದು ಗದರಿದೆ.

“ಹೇಳಿದ್ರ ನೀವು ನೀರ ಕುಡಿಯೂದ ಬಿಡ್ತಿದ್ರಿ, ಅತ್ಯಾರ. ಬಚ್ಚಲಕ್ಕ ಎಬ್ಬಸೂದ ಬ್ಯಾಡ ಅಂತ.”

ಹೌದು, ಬಿಡುತ್ತಿದ್ದೆ. ನನ್ನ ಹಟ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅಳು ತಡೆಯಲಾಗಲಿಲ್ಲ. ಮಂಚದ ಬದಿಯ ತಂಬಿಗೆ ಎತ್ತಿ, ಅವಳೆದುರೇ ಅಷ್ಟೂ ನೀರು ಕುಡಿದೆ.