ಪೂರ್ತಿ ವಾಕ್ಯ

ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರ ದೇಹವಿದ್ದ ಸ್ಟ್ರೆಚರ್ ಸಿಕ್ಕಿಕೊಂಡಿತು. ಹೊತ್ತಿದ್ದ ನಾಲ್ವರೂ ಅವರ ಹಳೆಯ ವಿದ್ಯಾರ್ಥಿಗಳು. ಮುಂದಿದ್ದವನು “ಎಡಕ್ಕೆ, ಇನ್ನೂ ಎಡಕ್ಕೆ” ಎಂದದ್ದು ಮೇಷ್ಟ್ರು ಕಲಿಸಿದ ಪರದೇಶದ ಭಾಷೆಯಲ್ಲಿ. ಎಡ ಬಲ ಕಲಿಸಬೇಕಾದಾಗ ಅವರು ಹಲಗೆಯ ಮೇಲೆ ಬರೆದವರಲ್ಲ, ಬೆಂಚು ಹೊರಿಸಿ ಮಹಡಿ ಹತ್ತಿಸಿ ಇಳಿಸಿದವರು. ಮೈಗೆ ಹತ್ತಿದ ಪಾಠ ಇಪ್ಪತ್ತು ವರ್ಷವಾದರೂ ಬಿಡುತ್ತದೆಯೇ? ಹಿಂದಿದ್ದವನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಅವರ ಹಿಂದೆ ಇಳಿಯುತ್ತಿದ್ದ ಮಗಳಿಗೆ ಅಳು ಕೂಡ ಬರುತ್ತಿರಲಿಲ್ಲ. ತಾಯಿಯಿಲ್ಲದೆ ಅಪ್ಪನ ನೆರಳಲ್ಲೇ ಬೆಳೆದವಳು, ಅದೇ ಭಾಷೆಯ ಟೀಚರ್ ಆದವಳು, ಅಪ್ಪ ಹಾಸಿಗೆ ಹಿಡಿದ ಮೇಲೆ ಅವರ ತರಗತಿಯನ್ನೂ ನಡೆಸುತ್ತಿದ್ದವಳು. ನಿನ್ನೆ ಮಧ್ಯಾಹ್ನದಿಂದ ಅವಳನ್ನು ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಅಪ್ಪ ಕೇಳಿದ್ದು ಏನನ್ನು?

ಕೆಳಗೆ ಗಾಡಿಗೆ ಕಾಯುತ್ತ ನಿಂತವರೆಲ್ಲ ಮೇಷ್ಟ್ರ ಕಟ್ಟುನಿಟ್ಟನ್ನೇ ಹೊಗಳುತ್ತಿದ್ದರು. ವಿದ್ಯಾರ್ಥಿಗೆ ಬೇಕಾದ ವಸ್ತುವನ್ನು ಎತ್ತಿ ಹಿಡಿದುಕೊಂಡು ನಿಲ್ಲುವುದು ಅವರ ಪದ್ಧತಿ. ಹೊಸ ಭಾಷೆಯಲ್ಲಿ ಪೂರ್ತಿ ವಾಕ್ಯ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತಡವರಿಸುವವನಿಗೆ ಪಕ್ಕದವನು ಪಿಸುಗುಟ್ಟಿದನೋ, ಪಿಸುಗುಟ್ಟಿದವನು ಬಾಗಿಲ ಹೊರಗೆ. ಛತ್ರಿ ಎಂದೇ ಹೆಸರಾದ ಒಬ್ಬನಂತೂ ವಾಕ್ಯ ಕೂಡಿಬರದೆ, ತನ್ನದೇ ಕೊಡೆಯನ್ನು ಮೇಷ್ಟ್ರ ಕೈಯಲ್ಲಿ ಬಿಟ್ಟು ಜಡಿಮಳೆಯಲ್ಲಿ ಮನೆಗೆ ಹೋಗಿದ್ದ. ಈಗ ಹಡಗಿನ ಕಂಪನಿಯಲ್ಲಿ ದುಭಾಷಿ.

“ಅವತ್ತು ಕೊಟ್ಬಿಟ್ಟಿದ್ರೆ ನಾನು ಇವತ್ತಿಗೂ ಮೂಕನೇ,” ಎಂದ ಛತ್ರಿ ಅವಳ ಮುಂದೆ ಬಂದು. “ನೀವೂ ಅವರ ಥರಾನೇ ಕಲಿಸ್ತೀರಂತೆ. ಮೇಷ್ಟ್ರು ಪುಣ್ಯ ಮಾಡಿದ್ರು.”

ಅವಳು ಗೋಡೆ ಹಿಡಿದುಕೊಂಡಳು.

*

ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಸನ್ನೆ ಮಾಡಿದ್ದಕ್ಕೆಲ್ಲ ಓಡಿಬಂದು ಕೊಡಬೇಡಿ, ಮಾತಾಡಿಸಿ ಎಂದಿದ್ದರು ಡಾಕ್ಟರು. ಅವಳಿಗೆ ಬೇರೆ ದಾರಿ ಹುಡುಕಬೇಕಾಗಿರಲಿಲ್ಲ, ಅಪ್ಪನ ಪದ್ಧತಿಯನ್ನು ಅಪ್ಪನ ಮೇಲೇ ಹೂಡಿದಳು. ಲೋಟ ಎತ್ತಿ ಹಿಡಿದು ಕಾದಳು. ಎರಡನೇ ತಿಂಗಳು “ನೀರು” ಬಂತು. ನಾಲ್ಕನೇ ತಿಂಗಳು “ನಂಗೆ ನೀರು ಬೇಕು.” ಆ ದಿನ ಅಪ್ಪನೂ ಮಗಳೂ ಗೆದ್ದವರ ಹಾಗೆ ನಕ್ಕಿದ್ದರು. ಮನೆಗೆ ಬರುತ್ತಿದ್ದ ದಾದಿ ಮಾತ್ರ, ಬಾಯಾರಿದವರಿಗೆ ಪರೀಕ್ಷೆ ಇಡುವುದನ್ನು ತಾನು ಇಲ್ಲೇ ಕಂಡದ್ದು ಎಂದು ಗೊಣಗುತ್ತಿದ್ದಳು.

ನಿನ್ನೆ ಮಧ್ಯಾಹ್ನ ಅವಳು ಚಪ್ಪಲಿ ಮೆಟ್ಟಿದ್ದಳು. ಅಪ್ಪ ಎಡಗೈ ಚಾಚಿದರು. ಲೋಟ ತೋರಿಸಿದಳು, ಅಲ್ಲ. ಕನ್ನಡಕ, ಅಲ್ಲ. ಹೊದಿಕೆ, ಅದೂ ಅಲ್ಲ. ಕೈ ಮಾತ್ರ ಚಾಚಿಯೇ ಇತ್ತು.

“ನಂಗೆ…” ಎಂದರು ಅಪ್ಪ.

“ನಂಗೆ ಏನು? ಪೂರ್ತಿ ಹೇಳಪ್ಪಾ.”

ತುಟಿ ಅಲುಗಿತು, ಹಣೆ ಬೆವರಿತು. ಅವಳು ಗಡಿಯಾರ ನೋಡುತ್ತ ಹತ್ತು ನಿಮಿಷ ಕಾದಳು. ಕಾಯುವುದೇ ಪ್ರೀತಿ ಎಂದು ಅವಳಿಗೆ ಕಲಿಸಿದವರೇ ಅವರು. “ಸಂಜೆ ಬರ್ತೀನಿ, ಅಷ್ಟರಲ್ಲಿ ವಾಕ್ಯ ಕೂಡಿಸಿಟ್ಕೋ,” ಎಂದು, ಅಪ್ಪನನ್ನು ದಾದಿಗೆ ಒಪ್ಪಿಸಿ ತರಗತಿಗೆ ಹೋದಳು. ಹಿಂದಿರುಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

*

ಗಾಡಿಯಲ್ಲಿ ದಾದಿ ಪಕ್ಕಕ್ಕೆ ಕೂತಳು. ನಾನು ಹೋದ ಮೇಲೆ ಅಪ್ಪ ಏನಾದರೂ ಹೇಳಿದರೇ, ಏನಾದರೂ ತೋರಿಸಿದರೇ ಎಂದು ಮಗಳು ಬೆಳಗಿನಿಂದ ಮೂರನೇ ಸಲ ಕೇಳಿದಳು. ದಾದಿ ಎರಡು ಸಲ ಹಾರಿಸಿದ್ದಳು. ಈಗ ಕಿಟಕಿಯ ಕಡೆ ನೋಡುತ್ತ ಬಾಯಿಬಿಟ್ಟಳು.

“ನಾನು ಕೈ ಕೊಟ್ಟೆ ಅಕ್ಕ. ಹಿಡ್ಕೊಂಡ್ರು. ಕೊನೇವರೆಗೂ ಬಿಡ್ಲಿಲ್ಲ. ಅಷ್ಟೇ ಬೇಕಾಗಿತ್ತು ಅನ್ಸುತ್ತೆ.”

ಲೋಟ, ಕನ್ನಡಕ, ಹೊದಿಕೆ. ಮನೆಯಲ್ಲಿದ್ದುದನ್ನೆಲ್ಲ ಎತ್ತಿ ತೋರಿಸಿದವಳು ಅದೊಂದನ್ನು ತೋರಿಸಿರಲಿಲ್ಲ.

ಸ್ಮಶಾನದ ಹಜಾರದಲ್ಲಿ ನಲವತ್ತು ಜನ ಸೇರಿದ್ದರು. ಮಗಳು ಎರಡು ಮಾತಾಡಲಿ ಎಂದರು ಯಾರೋ. ಅವಳು ತಟ್ಟನೆ ಎದ್ದಳು. ಹೇಳಿಬಿಡಬೇಕು. ಇವರು ಬೈಯಲಿ, ಉಗಿಯಲಿ, ಇಲ್ಲವೇ ಒಬ್ಬರಾದರೂ ನಿನ್ನ ತಪ್ಪಲ್ಲ ಅನ್ನಲಿ. ಇದನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ಬಾಳುವುದು ತನ್ನಿಂದಾಗದು.

“ನಾನು ನಿನ್ನೆ ಅಪ್ಪಂಗೆ…”

ಮುಂದಿನ ಮಾತು ಬರಲಿಲ್ಲ. ಮತ್ತೆ “ನಾನು” ಎಂದಳು, ಅಷ್ಟಕ್ಕೇ ನಿಂತಿತು. ಆಸರೆಗೆಂದು ಮುಂದಿದ್ದವರತ್ತ ಕೈ ಚಾಚಿದಳು.

ಬಾಗಿಲಲ್ಲಿದ್ದ ಗಾಡಿಯ ಡ್ರೈವರಿಗೆ ಕರುಳು ಚುರುಕ್ ಎಂದಿರಬೇಕು. “ಹೋಗ್ಲಿ ಬಿಡಮ್ಮ…” ಎನ್ನುತ್ತ ಮುಂದೆ ಬಂದ. ಛತ್ರಿ ಅವನ ತೋಳು ಹಿಡಿದು ನಿಲ್ಲಿಸಿದ.

“ಸುಮ್ನಿರಿ. ಅವರೇ ಹೇಳ್ಲಿ.”

ನಲವತ್ತು ಜನರೂ ಕೈಕಟ್ಟಿ, ಅವಳ ತುಟಿಯನ್ನೇ ಅಕ್ಕರೆಯಿಂದ ನೋಡುತ್ತ ಕಾದರು. ಯಾರೂ ಪಿಸುಗುಟ್ಟಲಿಲ್ಲ, ಯಾರೂ ಅಲುಗಲಿಲ್ಲ. ಅವಳ ಕೈ ಗಾಳಿಯಲ್ಲಿ ಚಾಚಿಯೇ ಇತ್ತು.