ಒಣಗುವ ಹನಿ

"ಯಾಕಮ್ಮಿ, ಪೆನ್ನು ಇಡ್ಕಂಡು ಗರ ಬಡ್ದೋಳಂಗೆ ನಿಂತಿದ್ದೀಯೆ? ಹಾಕು ಸೈನು! ನಿಮ್ಮಂತೋರ್ಗೆ ಸೀಟು ಕೊಟ್ಟಿದ್ದೇ ಹೆಚ್ಚಾಯ್ತು!"

ಗೈಡ್ ಚಿಕ್ಕಮಲ್ಲಪ್ಪನವರು ಇಡೀ ಲ್ಯಾಬಿಗೆ ಕೇಳುವಂತೆ ಗದರಿದರು. ಸ್ಪಂದನಾ ಮುಂದಿದ್ದ ಕಾಗದವನ್ನು ಮತ್ತೊಮ್ಮೆ ಓದಿದಳು. ಅದರಲ್ಲಿದ್ದುದು ಒಂದೇ ಸಾಲು: ಹರಳು ಬೆಳೆಸಿದವನು ಸಾಗರ್. ಈ ಸಾಗರ್ ಗೈಡರ ಅಣ್ಣನ ಮಗ, ಅವಳ ಜೊತೆಗೇ ಪಿಎಚ್‌.ಡಿ.ಗೆ ಸೇರಿದವನು. ಬೆಳೆಸಿದವಳು ಅವಳು! ಪ್ರೋಟೀನನ್ನು ಶುದ್ಧ ಮಾಡಿ, ಅದರ ದ್ರಾವಣದ ಸಾವಿರ ಹನಿ ಇಟ್ಟು, ಎಂಟು ತಿಂಗಳು ಕಾದ ಮೇಲೆ ಒಂದು ಹನಿಯಲ್ಲಿ ಒಂದೇ ಒಂದು ಹರಳು ಕಟ್ಟಿತ್ತು. ಅದಕ್ಕೆ ಎಕ್ಸ್‌ರೇ ಹಾಯಿಸಿದರೆ ಆ ಪ್ರೋಟೀನಿನ ಆಕಾರ ತಿಳಿಯುತ್ತದೆ. ಅವಳ ಪಿಎಚ್‌.ಡಿ. ಅಂದರೆ ಅದೇ. ಅದು ಹೋದರೆ ತನ್ನೂರು ಹಂಗಳಕ್ಕೆ ವಾಪಸ್ಸು, ಅವ್ವ ಮಲ್ಲಿಗಮ್ಮನ ಜೊತೆ ಚೆಂಡುಹೂ ಕೀಳುವ ಕೂಲಿಗೆ.

"ಸಾ... ನಾನೇ ಬೆಳೆಸಿದ್ದು ಸಾ."

"ನಿಮ್ಮಪ್ಪ ಚಿಕ್ಕಮಾದು ನಮ್ಮೊಲದಲ್ಲಿ ಅರಿಸ್ನ ಬೆಳೆದ. ಅರಿಸ್ನ ಅವಂದಾಗೋಯ್ತಾ? ಸೈನ್ ಹಾಕ್ನಿಲ್ಲ ಅಂದ್ರೆ ನಿನ್ ರಿಪೋರ್ಟ್‌ಗೆ ನಾನೂ ಹಾಕಲ್ಲ. ಗಂಟುಮೂಟೆ ಕಟ್ಟು."

ಹಾಕಿದಳು. ಹೆದರಿ ಹಾಕಿದಳು, ಇನ್ನೇನು ಮಾಡಿಯಾಳು!

"ಈಗ ಹರಳು ಎತ್ಕೊಡು. ಸಾಗರ್ ಇವತ್ತೇ ಎಕ್ಸ್‌ರೇಗೆ ತಗಂಡೋಗ್ಬೇಕು."

ಅದಕ್ಕೂ ಅವಳೇ ಬೇಕು! ಕೂದಲೆಳೆಯಂಥ ಕುಣಿಕೆಯಲ್ಲಿ ಹರಳನ್ನು ಎತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ದ್ರವ ಸಾರಜನಕಕ್ಕೆ ಅದ್ದಬೇಕು. ಅಭ್ಯಾಸಕ್ಕೆಂದು ಕೊಟ್ಟ ಬೇರೆ ಪ್ರೋಟೀನಿನ ಹರಳನ್ನೆಲ್ಲ ಸಾಗರ್ ಪುಡಿ ಮಾಡಿದ್ದ. ಗೈಡರು ಆ ಕೆಲಸ ಬಿಟ್ಟು ವರ್ಷಗಳಾಗಿದ್ದವು.

ಸ್ಪಂದನಾ ಮೈಕ್ರೋಸ್ಕೋಪಿನ ಮುಂದೆ ಕೂತು, ಹನಿಯಿದ್ದ ತಟ್ಟೆಯನ್ನು ಮುಚ್ಚಿದ್ದ ಟೇಪು ಕತ್ತರಿಸಿ ತೆಗೆದಳು. ಗಾಳಿಯಾಡಿದರೆ ಹನಿ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ಹರಳು ಸೀಳಿಹೋಗುತ್ತದೆ. ಕುಣಿಕೆ ಕೈಗೆತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

"ಆ ಕಾಗ್ದ ಹರ್ದಾಕಿ ಸಾ."

"ಏನಂದೆ?"

"ಹರ್ದಾಕಿ. ಆಮೇಕೆ ಎತ್ತೀನಿ."

"ಒಣಗ್ತಾ ಅದೆ ಕಣಮ್ಮಿ, ಎತ್ತು!" ಪಕ್ಕದಲ್ಲಿ ನಿಂತು ಮೈಕ್ರೋಸ್ಕೋಪಿನ ಪರದೆ ನೋಡುತ್ತಿದ್ದ ಸಾಗರ್ ಕಿರುಚಿದ.

"ಬೇವರ್ಸಿ ಮುಂಡೆ!" ಗೈಡರು ಮೇಜು ಗುದ್ದಿದರು. "ನೀನು ಇನ್ನೆಲ್ಲೂ ಓದ್ದಂಗೆ ಮಾಡ್ಬುಡ್ತೀನಿ ಕಣೇ!"

ಮಾಡಿಯೇ ಮಾಡುತ್ತಾರೆ, ಅವಳಿಗೆ ಗೊತ್ತು. ಕೂತಲ್ಲೇ ಉಚ್ಚೆ ಹೋಗಿಬಿಡುತ್ತೇನೋ ಅನ್ನುವಷ್ಟು ಭಯ. ಎಂಟು ತಿಂಗಳು ಸಾಕಿದ ಹರಳು ಅದು. ಕೈ ತಾನಾಗಿಯೇ ಕುಣಿಕೆಯತ್ತ ಹೋಗುತ್ತಿತ್ತು. ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿ ಅವುಗಳ ಮೇಲೆ ಗಟ್ಟಿಯಾಗಿ ಕೂತಳು.

ಗೈಡರು ಕಾಗದವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. ಹನಿಯ ಅಂಚು ಒಳಕ್ಕೆ ಸರಿಯುತ್ತಿತ್ತು. ಹರಳಿನ ಮೂಲೆಯಲ್ಲಿ ಮೊದಲ ಬಿರುಕು ಕಂಡಿತು.