ಮಲಗಿದವರ ಎತ್ತರ

ನಾನು ಕಟ್ಟಡಗಳ ನಕ್ಷೆ ಬರೆಯುವವಳು. ಹೊಗಳಿಸಿಕೊಳ್ಳುವುದೆಂದರೆ ನನಗೆ ಇಷ್ಟ, ಅದನ್ನೇನೂ ಮುಚ್ಚಿಡುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಗೆ ಹನ್ನೆರಡು ಮಂಚಗಳ ವಾರ್ಡ್ ಕಟ್ಟಿಸಿದಾಗ ಹೊಗಳಿಕೆ ಧಾರಾಳವಾಗಿಯೇ ಸಿಕ್ಕಿತು. ಮೂಳೆ ಮುರಿದು ವಾರಗಟ್ಟಲೆ ಮಲಗುವವರ ವಾರ್ಡ್ ಅದು. ಉದ್ದಕ್ಕೂ ಕಿಟಕಿ, ಕಿಟಕಿಯಾಚೆ ತೋಟ, ತೋಟದ ನಡುವೆ ಕಡಿಯದೆ ಉಳಿಸಿಕೊಂಡ ದೊಡ್ಡ ಮರ. ಆ ಮರಕ್ಕಾಗಿ ಇಡೀ ಕಟ್ಟಡವನ್ನೇ ಎಂಟು ಅಡಿ ಹಿಂದಕ್ಕೆ ಸರಿಸಿದ್ದೆ. ಬಂದವರೆಲ್ಲ ಬಾಗಿಲಲ್ಲೇ ನಿಂತು, "ತೋಟದೊಳಗೇ ಬಂದ ಹಾಗಿದೆ" ಎನ್ನುತ್ತಿದ್ದರು.

ಹೋದ ತಿಂಗಳು ನನ್ನ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಬಾಯಿ ಜೋರು, ಮನಸ್ಸು ಮೆತ್ತಗೆ. ಒಂದೂವರೆ ತಿಂಗಳು ಅಂಗಾತ ಮಲಗಿರಬೇಕು, ತಲೆಯ ಕಡೆ ಮಂಚ ಎತ್ತರಿಸಲೂಬಾರದು ಎಂದರು ಡಾಕ್ಟರು. ನಾನು ಹಟ ಹಿಡಿದು ನನ್ನ ವಾರ್ಡಿನಲ್ಲೇ, ಮರದ ಎದುರಿನ ಮಂಚವನ್ನೇ ಕೊಡಿಸಿದೆ.

ಆದರೂ ಚಿಕ್ಕಮ್ಮ ದಿನದಿನಕ್ಕೆ ಸೊರಗಿದಳು. ಎರಡು ತುತ್ತಿಗೇ ಊಟ ಸಾಕೆನ್ನುವಳು. ಕೊನೆಗೆ ನನ್ನ ಜೊತೆ ಜಗಳವಾಡುವುದನ್ನೂ ಬಿಟ್ಟಳು. ನನಗೆ ಹೆದರಿಕೆ ಹುಟ್ಟಿದ್ದೇ ಆಗ. "ಹೀಗೇ ಆದ್ರೆ ಅವರಿಗೆ ಮತ್ತೆ ಎದ್ದು ಕೂರೋ ಮನಸ್ಸೇ ಬರಲ್ಲ" ಎಂದು ಡಾಕ್ಟರೂ ಹೇಳಿದರು.

ಒಂದು ಸಂಜೆ ಅವಳನ್ನು ಮಾತಿಗೆ ಎಳೆಯೋಣವೆಂದು, "ಮರ ನೋಡ್ತಾ ಇರ್ತೀಯಾ ಚಿಕ್ಕಮ್ಮ?" ಎಂದೆ.

"ನೋಡ್ದೆ ಇರ್ತೀನಾ? ಎಷ್ಟು ಹಸಿರು. ಒಂದೊಂದು ಎಲೆನೂ ಫಳಫಳ ಅಂತಿದೆ. ಕಣ್ಣಿಗೆ ತಂಪು ಕಣೆ."

ತಿರುಗಿ ನೋಡಿದೆ. ಮರ ಬೋಳಾಗಿ ನಿಂತಿತ್ತು. ಎಲೆ ಉದುರುವ ಕಾಲ. ಒಂದು ವಾರದಿಂದ ಎಲ್ಲ ಉದುರಿ, ತೋಟದವನು ಗುಡಿಸಿ ಗುಡಿಸಿ ಸುಸ್ತಾಗಿದ್ದ.

ಅರಳುಮರಳು ಶುರುವಾಯಿತೇ ಎಂದು ಹೆದರಿದೆ. ಹೊರಗೆ ಹೋಗಿ ನರ್ಸಮ್ಮನನ್ನು ಹಿಡಿದೆ.

"ಅವರ ಬುದ್ಧಿ ನೆಟ್ಟಗೇ ಇದೆ ಮೇಡಂ" ಎಂದಳು ಆಕೆ. "ನಾನು ಹೇಳಿದ್ದನ್ನೇ ನಿಮಗೆ ಹೇಳಿದ್ದಾರೆ. ಹೊರಗಡೆ ಏನೇನಿದೆ ಅಂತ ದಿನಾ ಬೆಳಿಗ್ಗೆ ಮಲಗಿರೋರಿಗೆಲ್ಲ ಹೇಳ್ತೀನಿ. ಹತ್ತು ದಿನ ರಜೆ ಹಾಕಿದ್ದೆ, ಹೋಗುವಾಗ ಮರ ಹಸಿರಾಗೇ ಇತ್ತು, ಇವತ್ತು ಮಧ್ಯಾಹ್ನ ಬಂದೆ. ಅಲ್ಲೀತನಕ ಅವರಿಗೆ ಹೇಳೋರು ಯಾರಿದ್ರು?"

"ಹೇಳೋದ್ಯಾಕೆ? ಪಕ್ಕದಲ್ಲೇ ಕಿಟಕಿ ಇದೆಯಲ್ಲ."

"ನೀವು ಯಾವತ್ತಾದ್ರೂ ಅಲ್ಲಿ ಮಲಗಿ ನೋಡಿದ್ದೀರಾ?"

ಚಿಕ್ಕಮ್ಮನ ಪಕ್ಕದ ಮಂಚ ಖಾಲಿಯಿತ್ತು. ಚಪ್ಪಲಿ ಬಿಟ್ಟು ಅಂಗಾತ ಮಲಗಿದೆ. ಚಾವಣಿ ಕಂಡಿತು, ಫ್ಯಾನು ಕಂಡಿತು. ತಲೆ ಹೊರಳಿಸಿದರೆ ಕಿಟಕಿಯ ಕೆಳಗಿನ ಬಿಳಿ ಗೋಡೆ. ಅದರ ಮೇಲೆ, ಬಿಸಿಲು ಬೀಳದಿರಲೆಂದು ನಾನೇ ತಗ್ಗಿಸಿದ್ದ ಸೂರಿನ ಅಡಿಭಾಗ. ಎರಡರ ನಡುವೆ ಎರಡು ಬೆರಳಗಲದ ಬೆಳಕು. ಮರವೂ ಇಲ್ಲ, ತೋಟವೂ ಇಲ್ಲ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಕಿಟಕಿಯ ಎತ್ತರ ಗೊತ್ತುಮಾಡಲು ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಅವರ ಕಣ್ಣಿನ ನೇರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಗೆರೆಯಿಂದ ಒಂದು ಗೇಣು ಕೆಳಗೆ ಕಿಟಕಿ ಶುರು. ಈ ವಾರ್ಡಿಗೆ ನಾನೇ ಕೂತಿದ್ದೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಮಲಗಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?" ಎಂದೆ, ಮಲಗಿದಲ್ಲಿಂದಲೇ.

"ಬಂದೋರಿಗೆಲ್ಲ ಆ ಕಿಟಕಿ ತೋರಿಸ್ತಿದ್ದೆ ನೀನು. ನಿನ್ನ ಮುಖ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ ಕಣೆ."

ಮರುದಿನ ಆಸ್ಪತ್ರೆಯ ಮುಖ್ಯಸ್ಥರ ಮುಂದೆ ನಿಂತು, ತಪ್ಪು ನನ್ನದು, ಗೋಡೆ ಒಡೆಯಬೇಕು ಎಂದೆ.

"ಎರಡು ವರ್ಷದಲ್ಲಿ ಒಬ್ಬ ರೋಗಿನೂ ದೂರು ಕೊಟ್ಟಿಲ್ಲವಲ್ಲಮ್ಮ" ಎಂದರು ಅವರು.

"ಅದಕ್ಕೇ ಸರ್ ನನಗೆ ಜಾಸ್ತಿ ಸಂಕಟ."

ಮೊದಲು ಒಂದೇ ಕಿಟಕಿ, ನೋಡೋಣ, ಎಂದು ಒಪ್ಪಿದರು. ಮೇಸ್ತ್ರಿಯನ್ನು ಮಂಚದ ಮೇಲೆ ಮಲಗಿಸಿ ನಾನೇ ಸೀಮೆಸುಣ್ಣ ಹಿಡಿದೆ. ಗೆರೆ ಎಳೆಯುವಷ್ಟರಲ್ಲಿ ಅವನಿಗೆ ಜೊಂಪು ಹತ್ತಿತು. "ಕಣ್ಣು ಬಿಡಯ್ಯ, ನಿನ್ನ ಕಣ್ಣಿಂದಾನೇ ಅಳತೆ" ಎಂದು ಎಬ್ಬಿಸಬೇಕಾಯಿತು. ಚಿಕ್ಕಮ್ಮನನ್ನು ಮೂರು ದಿನ ಬೇರೆ ಕೋಣೆಯಲ್ಲಿಟ್ಟು, ಗೋಡೆಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಅಲ್ಲಿಗೂ ದಪ್ಪ ಗಾಜು ಕೂರಿಸಿದೆವು.

ನಾಲ್ಕನೆಯ ದಿನ ಅವಳ ಮಂಚವನ್ನು ತಳ್ಳಿಕೊಂಡು ಬಂದೆವು. ಹೊರಗೆ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಬೋಳು ಮರ, ಒದ್ದೆ ಮಣ್ಣು, ಗಿಡಗಳಿಗೆ ನೀರು ಬಿಡುತ್ತಾ ಯಾರನ್ನೋ ಬೈಯುತ್ತಿದ್ದ ತೋಟದವನು. ಚಿಕ್ಕಮ್ಮ ತಲೆ ಹೊರಳಿಸಿದಳು. ನಾನು ಗಾಜಿನ ಹತ್ತಿರ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. ನನಗೆ ತಡೆಯಲಾಗಲಿಲ್ಲ.

"ಈಗ ಎಲೆ ಇಲ್ಲ ಚಿಕ್ಕಮ್ಮ. ಇನ್ನೊಂದು ತಿಂಗಳು ಹೋಗ್ಲಿ, ಚಿಗುರಿದ ಮೇಲೆ ನೋಡು, ಆಗ ಈ ಕಿಟಕಿ..."

"ನಿನ್ನ ಭಾಷಣ ಆಮೇಲಿರ್ಲಿ" ಎಂದಳು ಚಿಕ್ಕಮ್ಮ, ಕತ್ತನ್ನು ಉದ್ದ ಮಾಡುತ್ತಾ. "ಮೊದಲು ಪಕ್ಕಕ್ಕೆ ಸರಿ. ಅಡ್ಡ ನಿಂತಿದ್ದೀಯ."